ಬಿಸಿ ಇಳಿಯಿತು, ಬ್ಲೂ ಸ್ಕ್ರೀನ್ ನಿಲ್ಲಲಿಲ್ಲ: ಒಂದು ಎಡಿಟಿಂಗ್ ಪಿಸಿಯ ಪ್ರಕರಣ

ಇದು 2024ರ ಬೇಸಿಗೆಯ ಕೇಸು. ಬೆಂಗಳೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಒಂದು ಸಣ್ಣ ಸ್ಟುಡಿಯೊ, ಮಾಲೀಕರು ಒಬ್ಬರು, ಜೊತೆಗೆ ಒಬ್ಬ ಸಹಾಯಕಿ. ಬರೆಯಿರಿ ಪರವಾಗಿಲ್ಲ, ಆದರೆ ನಮ್ಮ ಹೆಸರು, ಏರಿಯಾ, ಅಂಗಡಿ ಹೆಸರು ಬೇಡ ಅಂದರು. ಹಾಗಾಗಿ ಅವು ಯಾವುವೂ ಇಲ್ಲಿ ಇಲ್ಲ, ಬಿಡಿಭಾಗಗಳ ಬ್ರ್ಯಾಂಡ್ ಕೂಡ ಇಲ್ಲ. ಪ್ರೊಸೆಸರ್ ಮಾದರಿಯನ್ನು ಮಾತ್ರ ಹೇಳಲೇಬೇಕು. ಅದರ ಪೀಳಿಗೆಯ ನಂಬರ್ ನೋಡದೆ ಒಬ್ಬರು ಕೊಟ್ಟ ಸಲಹೆಯಿಂದ ದೊಡ್ಡ ಮೊತ್ತವೇ ಹೋಗುವುದರಲ್ಲಿತ್ತು.

ದೂರು ಸರಳವಾಗಿತ್ತು. ಪಿಸಿ ವಿಪರೀತ ಬಿಸಿಯಾಗುತ್ತದೆ, ಮಧ್ಯೆ ಮಧ್ಯೆ ಕ್ರ್ಯಾಶ್ ಆಗುತ್ತದೆ. ನೋಡಿದವರೆಲ್ಲ ಇದನ್ನು ಒಂದೇ ಕಾಯಿಲೆ ಅಂದುಕೊಂಡರು, ಬಿಸಿಯಾಗುವುದರಿಂದಲೇ ಕ್ರ್ಯಾಶ್ ಆಗುತ್ತಿದೆ ಅಂತ. ಅಲ್ಲಿ ಇದ್ದದ್ದು ಎರಡು ಬೇರೆ ಬೇರೆ ತೊಂದರೆ. ಎರಡನೆಯದು ಹುಟ್ಟಿದ್ದೇ ಮೊದಲನೆಯದಕ್ಕೆ ಮಾಡಿದ ಔಷಧಿಯಿಂದ.

ಮೆಷಿನ್ ಮತ್ತು ರೂಮು

2022ರ ಶುರುವಿನಲ್ಲಿ ಎಸ್‌ಪಿ ರೋಡಿನ ಕಂಪ್ಯೂಟರ್ ಮಾರ್ಕೆಟ್ಟಿನಲ್ಲಿ ಜೋಡಿಸಿದ ಪಿಸಿ. ಇಂಟೆಲ್ ಐ7-12700ಕೆ, ಅಂದರೆ 12ನೇ ಪೀಳಿಗೆ. 8 ದೊಡ್ಡ ಕೋರ್ (ಲೆಕ್ಕ ಮಾಡುವ ಘಟಕ), 4 ಸಣ್ಣ ಕೋರ್, ಒಟ್ಟು 20 ಥ್ರೆಡ್, ಅಂದರೆ ಒಟ್ಟಿಗೆ 20 ಕೆಲಸ. ಕಂಪನಿಯ ಲೆಕ್ಕದಲ್ಲಿ ಬೇಸ್ ಪವರ್ 125 ವ್ಯಾಟ್, ವೇಗ ಹೆಚ್ಚಿಸಿಕೊಂಡು ಓಡುವ ಟರ್ಬೊದಲ್ಲಿ 190 ವ್ಯಾಟ್, ತಾಪಮಾನದ ಮಿತಿ 100 ಡಿಗ್ರಿ. 32 ಜಿಬಿ ಡಿಡಿಆರ್4 ರ‍್ಯಾಮ್, ಒಂದು ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್, 240 ಎಂಎಂ ಲಿಕ್ವಿಡ್ ಕೂಲರ್, ಅಂದರೆ ಪಂಪಿನಿಂದ ದ್ರವವನ್ನು ಪೈಪಿನಲ್ಲಿ ಸುತ್ತಿಸಿ ರೇಡಿಯೇಟರಿನಲ್ಲಿ ತಂಪು ಮಾಡುವಂಥದ್ದು. ಎರಡು ವರ್ಷ ಒಂದು ತಕರಾರೂ ಇಲ್ಲದೆ ಓಡಿತ್ತು.

ರೂಮಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟೆರೇಸ್ ಮೇಲೆ ಶೀಟ್ ಹಾಕಿ ಮಾಡಿಕೊಂಡ ರೂಮು, ಏಸಿ ಇಲ್ಲ. ಬೆಂಗಳೂರಿಗೆ ಏಸಿ ಯಾಕೆ ಅನ್ನುವ ಹಳೇ ಮಾತು ಇನ್ನೂ ಎಷ್ಟೋ ಮನೆಗಳಲ್ಲಿ ಇದೆ, ಆದರೆ ಆ ವರ್ಷ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು, ಶೀಟ್ ಕೆಳಗೆ ಎಷ್ಟಿರಬಹುದು ನೀವೇ ಲೆಕ್ಕ ಹಾಕಿಕೊಳ್ಳಿ. ಪಕ್ಕದ ಸೈಟಿನಲ್ಲಿ ಬಿಲ್ಡಿಂಗ್ ಏಳುತ್ತಿತ್ತು, ಸಿಮೆಂಟ್ ಧೂಳು ಇಡೀ ದಿನ. ಪಿಸಿ ಇಟ್ಟಿದ್ದು ಟೇಬಲ್ ಒಳಗಿನ ಮರದ ಗೂಡಿನಲ್ಲಿ, ಹಿಂದೆ ವೈರ್ ಹೋಗುವಷ್ಟು ತೂತು, ಮುಂದೆ ಬಾಗಿಲು. ಗೂಡಿನ ಪಕ್ಕದಲ್ಲೇ ದೇವರ ಪಟ, ದಿನಾ ಬೆಳಿಗ್ಗೆ ಊದುಬತ್ತಿ. ಊದುಬತ್ತಿ ಹೊಗೆಗೂ ಕಂಪ್ಯೂಟರ್ ಫ್ಯಾನಿಗೂ ಏನು ಸಂಬಂಧ ಅಂತ ಕೇಳಬೇಡಿ. ಹೊಗೆಯ ಜಿಡ್ಡು ಕೂತ ಕಡೆ ಧೂಳು ಅಂಟಿಕೊಂಡರೆ ಬ್ರಷ್ ಹಾಕಿದರೂ ಬಿಡುವುದಿಲ್ಲ.

ಇನ್ನೊಂದು ಸಂಗತಿ ನಮ್ಮೂರಿನವರು ಮರೆಯುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಷ್ಟೇ ಬಿಸಿಯ ಗಾಳಿ ಇಲ್ಲಿ ಮಂಗಳೂರಿನದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಗಾಳಿಯ ತೂಕ ಕಡಿಮೆ. ಇದರಿಂದ ಪ್ರೊಸೆಸರ್ ಸುಟ್ಟು ಹೋಗುವುದಿಲ್ಲ, ನಾಲ್ಕೈದು ಡಿಗ್ರಿಯ ಮಾತು ಅಷ್ಟೇ. ಆದರೆ ಹೊರದೇಶದ ರಿವ್ಯೂ ನೋಡಿ, ಅಲ್ಲಿ 75 ಬಂದಿದೆ, ನಮ್ಮದರಲ್ಲಿ ಯಾಕೆ 85 ಅಂತ ತಲೆ ಕೆಡಿಸಿಕೊಳ್ಳುವವರು ಇದನ್ನೂ ರೂಮಿನ ಬಿಸಿಯನ್ನೂ ಸೇರಿಸಿ ನೋಡಬೇಕು.

ಶುರುವಾಗಿದ್ದು ಹೇಗೆ, ಯಾರು ಏನು ಮಾಡಿದರು

ಮಾರ್ಚ್‌ನಲ್ಲಿ ಮೊದಲ ಲಕ್ಷಣ. ರೆಂಡರ್ (ಎಡಿಟ್ ಆದ ವಿಡಿಯೊವನ್ನು ಕೊನೆಯ ಫೈಲಾಗಿ ತಯಾರಿಸುವ ಕೆಲಸ) ಹಾಕಿದರೆ ಫ್ಯಾನು ಹುಯ್ಯೋ ಅಂತ ಕೂಗುತ್ತಿತ್ತು, ಕೆಲಸ ನಿಧಾನವಾಯಿತು, ಆಮೇಲೆ ರೆಂಡರ್ ಮಧ್ಯದಲ್ಲೇ ಪಿಸಿ ಠಕ್ಕನೆ ಆಫ್ ಆಗಿ ತಾನೇ ಆನ್ ಆಗತೊಡಗಿತು. ಮುಂದೆ ಏಪ್ರಿಲ್, ಮೇ ತಿಂಗಳ ಡೆಲಿವರಿಗಳು ಸಾಲುಗಟ್ಟಿ ನಿಂತಿದ್ದವು. ಇಂಥ ಹೊತ್ತಿನಲ್ಲಿ ಯಾರೂ ನಿಧಾನವಾಗಿ ಯೋಚಿಸುವುದಿಲ್ಲ. ಸಿಕ್ಕವರನ್ನೆಲ್ಲ ಕರೆಸಿದರು.

ಮೊದಲು ಬಂದವರು ಪ್ರೊಸೆಸರಿಗೂ ಕೂಲರಿಗೂ ಮಧ್ಯೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದರು. ಸ್ವಲ್ಪ ಇಳಿದ ಹಾಗೆ ಕಾಣಿಸಿತು, ವಾರದೊಳಗೆ ಮತ್ತೆ ಅದೇ ಕಥೆ. ಆಮೇಲೆ ಕ್ಯಾಬಿನೆಟ್ಟಿಗೆ ಇನ್ನೆರಡು ಫ್ಯಾನ್ ಹಾಕಿದರು. ಮುಚ್ಚಿದ ಗೂಡಿನೊಳಗೆ ಎಷ್ಟು ಫ್ಯಾನ್ ಹಾಕಿದರೂ ಅದೇ ಬಿಸಿ ಗಾಳಿ ಸುತ್ತು ಹೊಡೆಯುತ್ತದೆ, ಅಲ್ವಾ? ನಂತರ ಬಂದವರು ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆದು ಕರ್ನಲ್-ಪವರ್ 41 ತೋರಿಸಿ, ನೋಡಿ ಪವರ್ ಅಂತಲೇ ಬರೆದಿದೆ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋಗಿದೆ ಅಂದರು. ಹೊಸ 850 ವ್ಯಾಟ್ ಸಪ್ಲೈ ಬಂತು. ಏನೂ ಬದಲಾಗಲಿಲ್ಲ.

ಈ 41ರ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ನೋಡಿ ಪವರ್ ಸಪ್ಲೈ ಬದಲಿಸಿದವರು ಬೇಕಾದಷ್ಟು ಜನ ಸಿಗುತ್ತಾರೆ. ಕಳೆದ ಸಲ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು, ಇಷ್ಟೇ ಅದರ ಅರ್ಥ. ಕರೆಂಟ್ ಹೋದರೂ 41, ಬ್ಲೂ ಸ್ಕ್ರೀನ್ (ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುವುದು) ಆದರೂ 41, ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41. ಬಿದ್ದಿದ್ದು ಯಾವಾಗ ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ವಿಂಡೋಸ್ ಕೂಡ ಹೊಸದಾಗಿ ಹಾಕಿದರು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಏಪ್ರಿಲ್ ಮಧ್ಯದಲ್ಲಿ ಪರಿಚಯದ ಹುಡುಗನೊಬ್ಬ ಬಂದ. ಗೇಮಿಂಗ್ ಪಿಸಿಗಳಲ್ಲಿ ಚೆನ್ನಾಗಿ ಕೈ ಪಳಗಿದವನು. ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್ ಒಳಗೆ ಹೋಗಿ ಪ್ರೊಸೆಸರ್ ವೋಲ್ಟೇಜಿಗೆ ಮೈನಸ್ 0.120 ವೋಲ್ಟ್ (ಅಷ್ಟು ಕಡಿಮೆ ಕೊಡು ಅನ್ನುವ) ಆಫ್‌ಸೆಟ್ ಹಾಕಿದ, ಅಂದರೆ ಅಂಡರ್‌ವೋಲ್ಟ್ ಮಾಡಿದ. ಪ್ರೊಸೆಸರಿಗೆ ಪೂರ್ತಿ ಭಾರ ಹಾಕುವ ಸ್ಟ್ರೆಸ್ ಟೆಸ್ಟ್ ಓಡಿಸಿ ತೋರಿಸಿದ. ಬಿಸಿ ಕಣ್ಣೆದುರೇ ಇಳಿಯಿತು, ಟೆಸ್ಟ್ ಪಾಸಾಯಿತು, ರೆಂಡರ್ ಮಧ್ಯದ ಆಫ್ ಆಗುವಿಕೆ ಹೆಚ್ಚುಕಡಿಮೆ ನಿಂತಿತು. ಎಲ್ಲರಿಗೂ ಖುಷಿ. ಆ ಹುಡುಗ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅಂಡರ್‌ವೋಲ್ಟ್ ಒಳ್ಳೆಯ ಉಪಾಯವೇ, ಲಕ್ಷಾಂತರ ಜನ ಮಾಡುತ್ತಾರೆ. ಅಳತೆ ಮತ್ತು ಪರೀಕ್ಷೆಯ ರೀತಿಯಲ್ಲಿ ಮಾತ್ರ ತಕರಾರು, ಅದಕ್ಕೆ ಬರುತ್ತೇನೆ.

ಒಂದೆರಡು ದಿನ ನೆಮ್ಮದಿ. ಆಮೇಲೆ ಬ್ಲೂ ಸ್ಕ್ರೀನ್ ಶುರುವಾಯಿತು. ಅದೇ ದಿನಗಳಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳು ಕ್ರ್ಯಾಶ್ ಆಗುವ ಸುದ್ದಿ ಎಲ್ಲ ಕಡೆ ಓಡಾಡುತ್ತಿತ್ತು. ಯಾರೋ ಹೇಳಿದರು, ಇದು ಅದೇ ಕಾಯಿಲೆ, ಪ್ರೊಸೆಸರ್ರೂ ಬೋರ್ಡೂ ಎರಡೂ ಬದಲಿಸಿ. ಕೊಟೇಶನ್ ಕೂಡ ತರಿಸಿಬಿಟ್ಟಿದ್ದರು. ಮಾಲೀಕರು ನನಗೆ ಫೋನ್ ಮಾಡಿದ್ದು ಆ ಕೊಟೇಶನ್ ಹಿಡಿದುಕೊಂಡು, ಇದು ನ್ಯಾಯವಾದ ರೇಟಾ ಅಂತ ಕೇಳಲು.

ರೇಟಿನ ಮಾತು ಆಮೇಲೆ, ಮೊದಲು ಇದು 12ನೇ ಪೀಳಿಗೆ. ಸುದ್ದಿಯಲ್ಲಿದ್ದದ್ದು 13 ಮತ್ತು 14. ಆ ವರ್ಷ ಜುಲೈನಲ್ಲಿ ಇಂಟೆಲ್, ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ಮೂಲ ಸಾಫ್ಟ್‌ವೇರ್) ದೋಷದಿಂದ ಪ್ರೊಸೆಸರ್ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಅಂತ ಒಪ್ಪಿಕೊಂಡಿತು, ಆಗಸ್ಟಿನಿಂದ ಬಯಾಸ್ ಅಪ್‌ಡೇಟ್‌ಗಳಲ್ಲಿ ತಿದ್ದುಪಡಿ ಬಂತು, ಆ ಎರಡು ಪೀಳಿಗೆಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆಗಲೂ ಪಟ್ಟಿಯಲ್ಲಿ 12ನೆಯದು ಇರಲಿಲ್ಲ. ಸುದ್ದಿಯ ತಲೆಬರಹಕ್ಕೆ ನಮ್ಮ ರೋಗವನ್ನು ಹೊಂದಿಸುವುದು ಬಹಳ ಸುಲಭ. ಸ್ವಲ್ಪ ತಡೆಯಿರಿ, ಬಂದು ನೋಡುತ್ತೇನೆ ಅಂದೆ.

ಕ್ಯಾಲೆಂಡರ್

ಈ ಕೇಸು ತಿರುಗಿದ್ದು ಯಾವ ಸಾಫ್ಟ್‌ವೇರಿನಿಂದಲೂ ಅಲ್ಲ. ಸಹಾಯಕಿ ಗೋಡೆಯ ಕ್ಯಾಲೆಂಡರಿನ ಮೇಲೆ ಪ್ರತಿ ಸಲ ಪಿಸಿ ಬಿದ್ದಾಗಲೂ ಗಂಟೆ ಮತ್ತು ಆಗ ಮಾಡುತ್ತಿದ್ದ ಕೆಲಸ ಬರೆದಿಟ್ಟಿದ್ದರು. ಪತ್ತೇದಾರಿಕೆಗಾಗಿ ಅಲ್ಲ, ಯಾವ ಪಾರ್ಟಿಯ ಕೆಲಸ ಮತ್ತೆ ಮಾಡಬೇಕು ಅನ್ನುವುದು ಮರೆಯಬಾರದು ಅಂತ.

ಅದನ್ನು ಓದಿದರೆ ಸ್ಪಷ್ಟವಾಗಿತ್ತು. ಏಪ್ರಿಲ್ ಮಧ್ಯದವರೆಗೆ ಎಲ್ಲ ಕಡೆ ಒಂದೇ ಪದ: ರೆಂಡರ್, ರೆಂಡರ್, ರೆಂಡರ್. ಅಲ್ಲಿಂದ ಮುಂದೆ: ಕಾರ್ಡ್ ಕಾಪಿ. ಬ್ರೌಸರ್. ಊಟಕ್ಕೆ ಹೋಗಿದ್ದಾಗ. ಫೋಟೊ ಸೆಲೆಕ್ಷನ್. ಬೆಳಿಗ್ಗೆ ಆನ್ ಮಾಡಿದ ತಕ್ಷಣ. ರೆಂಡರ್ ಅನ್ನುವ ಪದ ಅಲ್ಲೊಂದು ಇಲ್ಲೊಂದು ಮಾತ್ರ. ಮೊದಲು ಠಕ್ಕನೆ ಆಫ್ ಆಗುತ್ತಿದ್ದದ್ದು ಈಗ ನೀಲಿ ಪರದೆ ತೋರಿಸಿ ಬೀಳುತ್ತಿತ್ತು. ಬಿದ್ದಾಗ ಪಿಸಿ ಬಿಸಿಯೇ ಇರುತ್ತಿರಲಿಲ್ಲ. ಈ ಬದಲಾವಣೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಒಂದೇ ವಾಕ್ಯ ಹೇಳಲಾಗಿತ್ತು: ಪಿಸಿ ಇನ್ನೂ ಕ್ರ್ಯಾಶ್ ಆಗುತ್ತಿದೆ. ಆ ‘ಇನ್ನೂ’ ಎಲ್ಲರ ದಾರಿ ತಪ್ಪಿಸಿತ್ತು.

ಇವೆಂಟ್ ವ್ಯೂವರಿನಲ್ಲಿ 41 ಬಿಟ್ಟು ಬೇರೆ ಹುಡುಕಿದೆ. ಏಪ್ರಿಲ್ ಮಧ್ಯದ ನಂತರ ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಸಾಲುಗಳು ಹೇರಳ. ಅದರಲ್ಲಿ 19 ಅಂದರೆ ಹಾರ್ಡ್‌ವೇರ್ ತಪ್ಪು ಆಯಿತು, ಆದರೆ ಪ್ರೊಸೆಸರ್ ತಾನೇ ಸರಿಮಾಡಿಕೊಂಡಿತು. 18 ಅಂದರೆ ಸರಿಮಾಡಲಾಗದೆ ಬಿತ್ತು. ಬ್ಲೂ ಸ್ಕ್ರೀನಿನಲ್ಲಿ ಬಂದದ್ದೂ ಅದಕ್ಕೆ ತಕ್ಕ ಹಾಗೆ 124 ಕೋಡ್. ಇನ್ನೂ ಸ್ವಾರಸ್ಯದ ವಿಷಯ, ತಪ್ಪುಗಳೆಲ್ಲ ಎರಡೇ ಕೋರ್‌ಗಳ ಮೇಲೆ. ರ‍್ಯಾಮ್ ತೊಂದರೆ ಆಗಿದ್ದರೆ ಹೀಗೆ ಒಂದೇ ಜಾಗ ಹಿಡಿದು ಕೂರುವುದು ಅಪರೂಪ. ಆದರೂ ರ‍್ಯಾಮನ್ನು ಬಿಡಲಿಲ್ಲ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆವು, ಒಂದೂ ತಪ್ಪಿಲ್ಲ. ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿದರೂ ಬ್ಲೂ ಸ್ಕ್ರೀನ್ ಬಂತು.

ಆ ಎರಡು ಕೋರ್ ಯಾವುವು ಅನ್ನುವುದರಲ್ಲಿ ಉತ್ತರ ಇತ್ತು. 12700ಕೆಯಲ್ಲಿ ಎಲ್ಲ ಕೋರ್ ಸಮ ಅಲ್ಲ. ಫ್ಯಾಕ್ಟರಿಯಲ್ಲೇ ಚುರುಕಾದ ಕೋರ್‌ಗಳನ್ನು ಗುರುತಿಸಿರುತ್ತಾರೆ, ಕೆಲಸ ಹಗುರವಾಗಿದ್ದಾಗ ಅವು 5 ಗಿಗಾಹರ್ಟ್ಸ್‌ವರೆಗೆ ಹೋಗುತ್ತವೆ. ಎಲ್ಲ ದೊಡ್ಡ ಕೋರ್ ಒಟ್ಟಿಗೆ ದುಡಿಯುವಾಗ 4.7ರ ಆಸುಪಾಸು. ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು ಬೇಕು. ಅಂದರೆ ಪ್ರೊಸೆಸರಿಗೆ ಅತಿ ಹೆಚ್ಚು ವೋಲ್ಟೇಜ್ ಬೇಕಾಗುವುದು ರೆಂಡರ್ ಹೊತ್ತಿನಲ್ಲಲ್ಲ. ನೀವು ಬ್ರೌಸರ್ ತೆರೆದಾಗ, ಫೈಲ್ ಕಾಪಿ ಮಾಡುವಾಗ, ಒಂದೆರಡು ಕೋರ್ ಕ್ಷಣ ಹೊತ್ತು 5ಕ್ಕೆ ಹಾರಿದಾಗ. ಮೈನಸ್ 0.120 ಎಲ್ಲ ವೇಗಗಳಲ್ಲೂ ಅಷ್ಟೇ ವೋಲ್ಟೇಜ್ ಕತ್ತರಿಸುತ್ತದೆ. 4.7ರಲ್ಲಿ ಅಷ್ಟು ಕತ್ತರಿಸಿದರೂ ಈ ಚಿಪ್ ತಡೆದುಕೊಂಡಿತು. 5ರಲ್ಲಿ ತಡೆದುಕೊಳ್ಳಲಿಲ್ಲ. ಹುಡುಗ ಓಡಿಸಿದ ಸ್ಟ್ರೆಸ್ ಟೆಸ್ಟ್ ಎಲ್ಲ ಕೋರ್‌ಗೂ ಕೆಲಸ ಕೊಡುವಂಥದ್ದು, ಅದರಲ್ಲಿ ಯಾವ ಕೋರ್ ಕೂಡ 5ಕ್ಕೆ ಹೋಗುವುದೇ ಇಲ್ಲ. ಟೆಸ್ಟ್ ಪಾಸಾಗಿದ್ದು ನಿಜ, ಆದರೆ ತೊಂದರೆ ಇದ್ದ ಜಾಗಕ್ಕೆ ಟೆಸ್ಟ್ ಹೋಗಿಯೇ ಇರಲಿಲ್ಲ.

ಖಚಿತ ಮಾಡಿಕೊಳ್ಳಲು ಎಲ್ಲ ಕೋರ್ ಬಳಸುವ ಸಿನಿಬೆಂಚ್ ಟೆಸ್ಟನ್ನು ಅರ್ಧ ಗಂಟೆ ಬಿಟ್ಟೆವು. 100 ಡಿಗ್ರಿ ಮುಟ್ಟಿ ಅಲ್ಲೇ ನಿಂತಿತ್ತು, ಬೀಳಲಿಲ್ಲ. ನಿಲ್ಲಿಸಿ, ತಣ್ಣಗಾದ ಮೇಲೆ, ಒಂದೇ ಕೋರಿನ ಟೆಸ್ಟ್ ಹಾಕಿದೆವು. 50 ಡಿಗ್ರಿ ಕೂಡ ಇರಲಿಲ್ಲ. ನೀಲಿ ಪರದೆ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. 100 ಡಿಗ್ರಿ ಮುಟ್ಟಿದರೆ ಈ ಪ್ರೊಸೆಸರ್ ಕ್ರ್ಯಾಶ್ ಆಗುವುದಿಲ್ಲ, ವೇಗ ಇಳಿಸಿಕೊಂಡು ಅಲ್ಲೇ ತಡೆದು ನಿಲ್ಲುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಮಾತ್ರ ತನ್ನನ್ನು ಉಳಿಸಿಕೊಳ್ಳಲು ಪೂರ್ತಿ ಆಫ್ ಮಾಡುತ್ತದೆ. ಹಾಗಾಗಿ ಬಿಸಿಯಿಂದ ಬರುವ ಮಾಮೂಲು ಲಕ್ಷಣ ನಿಧಾನ, ಬ್ಲೂ ಸ್ಕ್ರೀನ್ ಅಲ್ಲ.

ಹಾಗಾದರೆ ಬಿಸಿ ಎಲ್ಲಿಂದ

100 ಡಿಗ್ರಿ ನಿಜವೇ ಆಗಿತ್ತಲ್ಲ, ಅದೂ ಅಂಡರ್‌ವೋಲ್ಟ್ ಆದ ಮೇಲೆ. ಎಚ್‌ಡಬ್ಲ್ಯುಇನ್ಫೊದಲ್ಲಿ (ಬಿಸಿ, ಪವರ್ ಅಳೆದು ತೋರಿಸುವ ಸಾಫ್ಟ್‌ವೇರ್) ನೋಡಿದರೆ ಟೆಸ್ಟ್ ಶುರುವಾದ ಕೆಲವೇ ಸೆಕೆಂಡಿನಲ್ಲಿ 100, ಆಮೇಲೆ ಪವರ್ 110 ವ್ಯಾಟಿಗೆ ಕುಸಿಯುತ್ತಿತ್ತು. 240 ಎಂಎಂ ಲಿಕ್ವಿಡ್ ಕೂಲರ್ ಇದಕ್ಕಿಂತ ಎಷ್ಟೋ ಜಾಸ್ತಿ ಎಳೆಯಬೇಕು.

ಪಂಪ್ ಆರ್‌ಪಿಎಂ ಸರಿಯಾಗೇ ತೋರಿಸುತ್ತಿತ್ತು, ಅದಕ್ಕೇ ಹಿಂದೆ ಬಂದವರು ಪಂಪ್ ಸರಿ ಇದೆ ಅಂದಿದ್ದರು. ಟೆಸ್ಟ್ ಓಡುತ್ತಿರುವಾಗ ಎರಡೂ ಪೈಪ್ ಮುಟ್ಟಿ ನೋಡಿದೆ. ಒಂದು ಕೈ ಇಡಲಾಗದಷ್ಟು ಬಿಸಿ, ಇನ್ನೊಂದು ರೂಮಿನಷ್ಟೇ. ರೇಡಿಯೇಟರ್ ತುದಿ ತಣ್ಣಗೆ. ನೀರು ಸರಿಯಾಗಿ ಹರಿಯುತ್ತಿದ್ದರೆ ಎರಡೂ ಪೈಪ್ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಬೆಂಗಳೂರಿನಲ್ಲಿ ಸಂಪಿನ ಮೋಟಾರಿಗೆ ಏರ್ ಹಿಡಿಯುವುದು ಗೊತ್ತಲ್ಲ, ಮೋಟಾರ್ ಸದ್ದು ಮಾಡುತ್ತಾ ಓಡುತ್ತದೆ, ಟ್ಯಾಂಕಿಗೆ ನೀರು ಏರುವುದಿಲ್ಲ. ಇಲ್ಲೂ ಅದೇ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ತೀರಾ ಕೆಳಗೆ ಕೂರಿಸಿದ್ದರು, ಅದರ ಮೇಲ್ತುದಿ ಪಂಪಿಗಿಂತ ಕೆಳಗಿತ್ತು. ಇಂಥ ಕೂಲರಿನಲ್ಲಿ ವರ್ಷಗಳು ಕಳೆದಂತೆ ದ್ರವ ಪೈಪಿನ ರಬ್ಬರ್ ಮೂಲಕ ಸ್ವಲ್ಪ ಸ್ವಲ್ಪ ಆರಿಹೋಗುತ್ತದೆ, ಆ ಜಾಗದಲ್ಲಿ ಗಾಳಿ ಸೇರುತ್ತದೆ, ಗಾಳಿ ಯಾವಾಗಲೂ ಅತಿ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಅತಿ ಎತ್ತರದ ಜಾಗ ಪಂಪೇ. ಗುಳುಗುಳು ಸದ್ದು ಬರುತ್ತಿತ್ತಾ ಅಂತ ಕೇಳಿದರೆ, ಹೌದು, ಕಳೆದ ವರ್ಷದಿಂದ ಬೆಳಿಗ್ಗೆ ಆನ್ ಮಾಡಿದಾಗ ಬರುತ್ತಿತ್ತು, ಹಾರ್ಡ್ ಡಿಸ್ಕ್ ಅಂದುಕೊಂಡಿದ್ದೆವು ಅಂದರು.

ಇನ್ನೊಂದು ಕಡೆ ಬಯಾಸಿನಲ್ಲಿ, ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯಬಹುದು ಅನ್ನುವ ಪವರ್ ಮಿತಿ 4096 ವ್ಯಾಟ್ ಇತ್ತು. ಅಂದರೆ ಮಿತಿಯೇ ಇಲ್ಲ. ಕೆಲವು ಬೋರ್ಡುಗಳು ಮೊದಲ ಸಲ ಆನ್ ಮಾಡಿದಾಗ ಯಾವ ಕೂಲರ್ ಹಾಕಿದ್ದೀರಿ ಅಂತ ಕೇಳುತ್ತವೆ, ವಾಟರ್ ಕೂಲರ್ ಅಂತ ಒತ್ತಿದರೆ ಮಿತಿ ಎತ್ತಿಬಿಡುತ್ತವೆ. ಜೋಡಿಸಿದವರು ಸುಮ್ನೆ ನಿಜ ಹೇಳಿ ಒತ್ತಿದ್ದಾರೆ. ಕೂಲರ್ ಹೊಸದಿದ್ದಾಗ ನಡೆಯಿತು.

ಯಾವುದನ್ನು ಮೊದಲು ಮುಟ್ಟುವುದು

ಇಲ್ಲಿ ಸ್ವಲ್ಪ ವಾದ ಆಯಿತು. ಹೊಸ ಕೂಲರ್ ತರೋಣ, ಅಂಡರ್‌ವೋಲ್ಟ್ ಮಾತ್ರ ತೆಗೆಯಬೇಡಿ ಅಂದರು ಮಾಲೀಕರು. ಅವರ ಲೆಕ್ಕದಲ್ಲಿ ಇಷ್ಟು ದಿನದಲ್ಲಿ ಕೆಲಸ ಮಾಡಿದ ಔಷಧಿ ಅದೊಂದೇ. ರೆಂಡರ್ ಮುಗಿಯುವಂತೆ ಮಾಡಿದ್ದು ಅದೇ. ಡೆಲಿವರಿ ತಲೆ ಮೇಲಿರುವಾಗ ಅದನ್ನು ತೆಗೆಯುತ್ತೇನೆ ಅಂದರೆ ಯಾರಿಗಾದರೂ ಭಯ ಆಗುತ್ತದೆ.

ಇನ್ನೊಂದು ದಾರಿ ಎಲ್ಲವನ್ನೂ ಒಟ್ಟಿಗೆ ಮಾಡುವುದು. ಕೂಲರ್ ಬದಲಿಸಿ, ಬಯಾಸ್ ಡಿಫಾಲ್ಟಿಗೆ ತಂದು, ಮುಗಿಯಿತು ಅನ್ನುವುದು. ಅದು ಬೇಗ ಆಗುತ್ತಿತ್ತು. ಆದರೆ ಒಟ್ಟಿಗೆ ಮಾಡಿ ಬ್ಲೂ ಸ್ಕ್ರೀನ್ ನಿಂತರೆ ಅದು ತಂಪಿನಿಂದ ನಿಂತಿತು ಅಂತಲೇ ಎಲ್ಲರೂ ನಂಬುತ್ತಾರೆ, ಮುಂದಿನ ಬೇಸಿಗೆಯಲ್ಲಿ ಸ್ವಲ್ಪ ಬಿಸಿ ಕಂಡರೆ ಮತ್ತೆ ಮೈನಸ್ 0.120 ಹಾಕುತ್ತಾರೆ. ಜೊತೆಗೆ ಬಯಾಸ್ ಡಿಫಾಲ್ಟ್ ಅನ್ನುವುದರಲ್ಲೇ ಒಂದು ಬಲೆ ಇತ್ತು, ಡಿಫಾಲ್ಟಿಗೆ ತಂದರೆ ಅಂಡರ್‌ವೋಲ್ಟ್ ಹೋಗುತ್ತದೆ ನಿಜ, ಕೂಲರ್ ಪ್ರಶ್ನೆ ಮತ್ತೆ ಬಂದು ಯಾರಾದರೂ ಹಳೇ ಉತ್ತರವನ್ನೇ ಒತ್ತಿದರೆ 4096 ವ್ಯಾಟೂ ವಾಪಸ್ ಬರುತ್ತದೆ.

ಕೊನೆಗೆ ಒಪ್ಪಿಸಿದ್ದು ಹೀಗೆ. ಹಳೇ ಕೂಲರ್ ಹಾಗೇ ಇರಲಿ. ಅಂಡರ್‌ವೋಲ್ಟ್ ತೆಗೆಯೋಣ, ಬದಲಿಗೆ ಪವರ್ ಮಿತಿಯನ್ನು 80 ವ್ಯಾಟಿಗೆ ಇಳಿಸೋಣ. ಬಿಸಿ ಹೇಗೂ ಕಡಿಮೆಯಾಗುತ್ತದೆ, ರೆಂಡರ್ ನಿಧಾನ ಆಗುತ್ತದೆ ಅಷ್ಟೇ. ಬ್ಲೂ ಸ್ಕ್ರೀನ್ ನಿಂತರೆ ಅದರ ಮೂಲ ಅಂಡರ್‌ವೋಲ್ಟ್ ಅಂತ ಸಾಬೀತು.

ನನ್ನ ಪ್ರಕಾರ ಈ ಕೇಸಿನ ತಿರುಳು ಇಲ್ಲಿದೆ. ಪವರ್ ಮಿತಿ ಇಳಿಸುವುದೂ ವೋಲ್ಟೇಜ್ ಇಳಿಸುವುದೂ ಎರಡೂ ಬಿಸಿ ಕಡಿಮೆ ಮಾಡುತ್ತವೆ, ಥರ್ಮಾಮೀಟರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಪವರ್ ಮಿತಿ ಇಳಿಸಿದಾಗ ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ, ಆ ವೇಗಕ್ಕೆ ಎಷ್ಟು ವೋಲ್ಟೇಜ್ ಬೇಕೋ ಅಷ್ಟು ಅದಕ್ಕೆ ಸಿಗುತ್ತಲೇ ಇರುತ್ತದೆ. ನಷ್ಟ ಏನಿದ್ದರೂ ಸಮಯದ್ದು. ಅಂಡರ್‌ವೋಲ್ಟಿನಲ್ಲಿ ವೇಗ ಹಾಗೇ ಉಳಿಯುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಕಡಿಮೆಯಾಗುವುದು ಚಿಪ್ಪಿನ ಸುರಕ್ಷಿತ ಅಂತರ, ಅದು ಮುಗಿಯುವವರೆಗೂ ಯಾವ ಮೀಟರಿನಲ್ಲೂ ಕಾಣಿಸುವುದಿಲ್ಲ. ದುಡಿಮೆಯ ಮೆಷಿನ್ನಿನಲ್ಲಿ, ಅದೂ ಬೇರೆಯವರ ಮದುವೆಯ ಫೂಟೇಜ್ ಇರುವ ಮೆಷಿನ್ನಿನಲ್ಲಿ, ನಾನಾದರೆ ಮೊದಲು ಪವರ್ ಮಿತಿಯನ್ನೇ ಮುಟ್ಟುತ್ತೇನೆ.

80 ವ್ಯಾಟಿನಲ್ಲಿ ಒಂದು ವಾರ ಬಿಟ್ಟೆವು. ಬಿಸಿ 85ರ ಆಸುಪಾಸು, ರೆಂಡರ್ ಆಮೆ ನಡಿಗೆ, ಬ್ಲೂ ಸ್ಕ್ರೀನ್ ಒಂದೂ ಇಲ್ಲ. ಡಬ್ಲ್ಯುಎಚ್‌ಇಎ 19 ಕೂಡ ಇಲ್ಲ. ಆ 19 ಇಲ್ಲದಿರುವುದು ನನಗೆ ಹೆಚ್ಚು ಮುಖ್ಯ ಅನಿಸಿತು. ಬ್ಲೂ ಸ್ಕ್ರೀನ್ ಬಾರದಿರುವುದು ಅದೃಷ್ಟ ಇರಬಹುದು, ಆದರೆ ಮೊದಲು ದಿನಕ್ಕೆ ಹಲವು ಸಲ ಬೀಳುತ್ತಿದ್ದ ಸಣ್ಣ ತಪ್ಪುಗಳು ಪೂರ್ತಿ ಮಾಯವಾಗುವುದು ಅದೃಷ್ಟ ಅಲ್ಲ.

ಆಮೇಲೆ ಕೂಲರ್. ಮತ್ತೆ ಲಿಕ್ವಿಡ್ ಬೇಡ ಅಂತ ನಾನೇ ಹೇಳಿದೆ. ಈ ಪ್ರೊಸೆಸರಿಗೆ ಎರಡು ಗೋಪುರದ ಒಳ್ಳೆಯ ಏರ್ ಕೂಲರ್ ಸಾಕು, ಅದರಲ್ಲಿ ಕೆಡುವಂಥದ್ದು ಫ್ಯಾನ್ ಒಂದೇ, ಅದು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಫಿಲ್ಟರಿನ ಊದುಬತ್ತಿ ಜಿಡ್ಡನ್ನು ಸೋಪಿನ ನೀರಿನಲ್ಲಿ ನೆನೆಸಿ ತೊಳೆಯಬೇಕಾಯಿತು. ಮಿತಿಯನ್ನು 190ಕ್ಕೆ ಇಟ್ಟು ಒಂದೇ ಪ್ರಾಜೆಕ್ಟನ್ನು ರೆಂಡರ್ ಮಾಡಿದರೆ 44 ನಿಮಿಷ, 150ಕ್ಕೆ ಇಟ್ಟರೆ 46 ನಿಮಿಷ. ಎರಡು ನಿಮಿಷಕ್ಕೆ 40 ವ್ಯಾಟ್ ಯಾಕೆ? 150ಕ್ಕೆ ನಿಲ್ಲಿಸಿದೆವು. ಮಧ್ಯಾಹ್ನ ಎರಡು ಗಂಟೆಯ ಶೀಟ್ ಬಿಸಿಯಲ್ಲೂ 80 ದಾಟಲಿಲ್ಲ.

ಪಿಸಿಯನ್ನು ವಾಪಸ್ ಗೂಡಿನೊಳಗೆ ಇಡುತ್ತೇವೆ, ಹೊರಗಿದ್ದರೆ ಚೆನ್ನಾಗಿ ಕಾಣುವುದಿಲ್ಲ ಅಂದರು. ಸರಿ, ಇಟ್ಟು ನೋಡೋಣ ಅಂದೆ. ಮಾರ್ಚ್ ತಿಂಗಳ ಠಕ್ಕನೆ ಆಫ್ ಆಗುವ ತೊಂದರೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಅದು ಅಂಡರ್‌ವೋಲ್ಟಿಗಿಂತ ಮುಂಚಿನದು. ಗೂಡಿನೊಳಗೆ ಇಟ್ಟು, ಪರೀಕ್ಷೆಗೆ ಅಂತ ಮಿತಿಯನ್ನು ಮತ್ತೆ ಎತ್ತಿ, ಬಾಗಿಲು ಮುಚ್ಚಿ ರೆಂಡರ್ ಹಾಕಿದೆವು. ಪ್ರೊಸೆಸರ್ 90ರಲ್ಲಿ ಆರಾಮಾಗಿತ್ತು. ಆದರೆ ಬೋರ್ಡಿನ ವಿಆರ್‌ಎಂ, ಅಂದರೆ ಪ್ರೊಸೆಸರಿಗೆ ವೋಲ್ಟೇಜ್ ಹದಮಾಡಿ ಕೊಡುವ ಭಾಗ, 112 ಡಿಗ್ರಿಗೆ ಏರಿತು, ವೇಗ ಒಮ್ಮೆಗೇ 800 ಮೆಗಾಹರ್ಟ್ಸಿಗೆ ಬಿತ್ತು, ಎಚ್‌ಡಬ್ಲ್ಯುಇನ್ಫೊದಲ್ಲಿ ವಿಆರ್ ಥರ್ಮಲ್ ಅಂತ ಹಳದಿ ಗುರುತು ಬಂತು, ಸ್ವಲ್ಪ ಹೊತ್ತಿಗೆ ಠಕ್ಕನೆ ಆಫ್. ಮಾರ್ಚ್‌ನಲ್ಲಿ ಕಂಡದ್ದು ಇದೇ. ಏರ್ ಕೂಲರ್ ಇದ್ದಾಗ ಅದರ ಫ್ಯಾನ್ ಗಾಳಿ ವಿಆರ್‌ಎಂ ಮೇಲೂ ಸ್ವಲ್ಪ ಹಾಯುತ್ತದೆ, ಆದರೂ ಹೀಗಾಯಿತು. ಲಿಕ್ವಿಡ್ ಕೂಲರ್ ಇದ್ದಾಗ ಅಷ್ಟೂ ಇರಲಿಲ್ಲ. ಅಂಡರ್‌ವೋಲ್ಟ್ ಹಾಕಿದ ಮೇಲೆ ಅದು ನಿಂತದ್ದಕ್ಕೂ ಅರ್ಥ ಸಿಕ್ಕಿತು, ಪ್ರೊಸೆಸರ್ ಕಡಿಮೆ ಎಳೆದಾಗ ವಿಆರ್‌ಎಂ ಮೇಲಿನ ಭಾರವೂ ಇಳಿಯಿತು.

ಪ್ರೊಸೆಸರ್ ಬಿಸಿ ಒಂದನ್ನೇ ನೋಡುತ್ತಾ ಕೂತವರಿಗೆ ಇದು ಯಾವತ್ತೂ ಸಿಗುತ್ತಿರಲಿಲ್ಲ. ಗೂಡಿನ ಬಾಗಿಲೂ ಹಿಂದಿನ ಹಲಗೆಯೂ ಬಿಚ್ಚಿದ್ದಾಯಿತು. ಈಗ ಪಿಸಿ ಟೇಬಲ್ ಪಕ್ಕ ಒಂದು ಸ್ಟೂಲ್ ಮೇಲಿದೆ, ಮಿತಿ 150ರಲ್ಲೇ ಇದೆ, ಆ ಬೇಸಿಗೆ ಮುಗಿಯುವವರೆಗೆ ಕ್ಯಾಲೆಂಡರಿನಲ್ಲಿ ಹೊಸ ಸಾಲು ಬರಲಿಲ್ಲ. ಪ್ರೊಸೆಸರ್ ಕೊಟೇಶನ್ ಕಸದ ಬುಟ್ಟಿಗೆ ಹೋಯಿತು. ಹೊಸ ಎಸ್‌ಎಂಪಿಎಸ್ ಮಾತ್ರ ಖರ್ಚಾಗಿಹೋಗಿತ್ತು.

ಉಳಿದ ಕೆಲಸ

ಎಲ್ಲ ಸರಿಹೋಯಿತು ಅಂತ ಫೋನ್ ಇಡುವ ಹೊತ್ತಿಗೆ ನನಗೆ ಬೇರೆ ಚಿಂತೆ ಶುರುವಾಗಿತ್ತು. ವೋಲ್ಟೇಜ್ ಸಾಲದ ಪ್ರೊಸೆಸರ್ ಪ್ರತಿ ಸಲವೂ ನೀಲಿ ಪರದೆ ತೋರಿಸಿ ಬೀಳುವುದಿಲ್ಲ. ಕೆಲವು ಸಲ ಲೆಕ್ಕ ತಪ್ಪು ಮಾಡಿ ಏನೂ ಆಗದವರ ಹಾಗೆ ಮುಂದೆ ಹೋಗುತ್ತದೆ. ಏಪ್ರಿಲ್ ಮಧ್ಯದಿಂದ ನಾವು ಅಂಡರ್‌ವೋಲ್ಟ್ ತೆಗೆದ ದಿನದವರೆಗೆ ಕ್ಯಾಮೆರಾ ಕಾರ್ಡುಗಳಿಂದ ಹಾರ್ಡ್ ಡಿಸ್ಕಿಗೆ ಹೋದ ಪ್ರತಿ ಫೈಲೂ ಆ ಪ್ರೊಸೆಸರ್ ಮೂಲಕವೇ ಹೋಗಿತ್ತು. ಆ ದಿನಗಳಲ್ಲಿ ಮಾಡಿದ ಒಂದು ಜಿಪ್ ಫೈಲ್ ತೆರೆಯುವಾಗ ಸಿಆರ್‌ಸಿ (ಫೈಲ್ ಕೆಟ್ಟಿದೆ ಅನ್ನುವ) ತಪ್ಪು ಅಂದಿತು ಅಂತ ಸಹಾಯಕಿ ಮಾತಿನ ಮಧ್ಯೆ ಹೇಳಿದ್ದರು, ಆಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಸ್ಟುಡಿಯೊದಲ್ಲಿ ಪ್ರತಿ ಮದುವೆಯನ್ನೂ ಎರಡು ಡಿಸ್ಕಿಗೆ ಕಾಪಿ ಮಾಡುವ ಅಭ್ಯಾಸ ಇತ್ತು, ಅದು ಉಳಿಸಿತು. ಎರಡೂ ಕಾಪಿಗಳ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ ನೋಡಲು ಬಿಟ್ಟೆವು, ಬೇರೆ ಲ್ಯಾಪ್‌ಟಾಪಿನಲ್ಲಿ, ಅನುಮಾನದ ಮೆಷಿನ್ನಿನಲ್ಲೇ ಪರೀಕ್ಷೆ ಮಾಡಿಸಬಾರದು ಅಂತ. ಬಹುಪಾಲು ಸರಿ ಇತ್ತು. ಎರಡು ಕ್ಲಿಪ್ಪಿನ ಕಾಪಿಗಳು ಮಾತ್ರ ಒಂದಕ್ಕೊಂದು ಹೊಂದಲಿಲ್ಲ. ಒಂದರಲ್ಲಿ ಕೆಟ್ಟ ಕಾಪಿ ಯಾವುದು ಅಂತ ಪ್ಲೇ ಮಾಡಿದರೆ ಗೊತ್ತಾಯಿತು, ಹಸಿರು ಚೌಕಗಳು ಬರುತ್ತಿದ್ದವು, ಒಳ್ಳೆಯ ಕಾಪಿಯಿಂದ ಮತ್ತೆ ಹಾಕಿಕೊಂಡರು. ಇನ್ನೊಂದರಲ್ಲಿ ಎರಡೂ ಕಾಪಿ ಕೆಟ್ಟಿದ್ದವು, ಕಾರ್ಡ್ ಆಗಲೇ ಫಾರ್ಮ್ಯಾಟ್ ಆಗಿತ್ತು. ಅದು ಧಾರೆಯ ಹೊತ್ತಿನ ಕ್ಲಿಪ್. ಎರಡನೇ ಕ್ಯಾಮೆರಾದವರು ಮಂಟಪದ ಆ ಕಡೆಯಿಂದ ತೆಗೆದ ಆ್ಯಂಗಲ್ ಇತ್ತು, ಅದನ್ನು ಹಾಕಿ ಪಾರ್ಟಿಗೆ ವಿಷಯ ತಿಳಿಸಿಯೇ ಡೆಲಿವರಿ ಕೊಟ್ಟರು. ಈಗ ಕಾರ್ಡ್ ಕಾಪಿ ಮಾಡಿದ ಮೇಲೆ ಚೆಕ್‌ಸಮ್ ಹೊಂದಿದೆ ಅಂತ ಬರುವವರೆಗೆ ಅಲ್ಲಿ ಯಾರೂ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ.